ವಿಷಯ ಸಂಪಾದನಾ ಫಾರಂಗಳ ಸರಳೀಕರಣ

ಜಾಲತಾಣಕ್ಕೆ ಬರಹ, ಚಿತ್ರ, ಪ್ರಕಟಣೆ ಏರಿಸುವವರು ತುಂಬಬೇಕಾದ ಫಾರಂನಲ್ಲಿ ಅವರ ಕೆಲಸಕ್ಕೆ ಬೇಕಾದಷ್ಟೇ ಫೀಲ್ಡ್‌ಗಳನ್ನು ಉಳಿಸಿ, ಮಿಕ್ಕವನ್ನು ತೆಗೆಯುವ, ಮರೆಮಾಡುವ ಇಲ್ಲವೇ ವ್ಯವಸ್ಥೆಯೇ ತುಂಬಿಕೊಳ್ಳುವಂತೆ ಮಾಡುವ ವಿನ್ಯಾಸ ಕ್ರಮ. ಈ ಫಾರಂ ಇರುವುದು ವಿಷಯ ನಿರ್ವಹಣಾ ವ್ಯವಸ್ಥೆಯ, ಬಳಕೆಯ ಮಾತಿನಲ್ಲಿ ಸಿಎಂಎಸ್‌ನ, ಹಿಂಬದಿಯಲ್ಲಿ. ಓದುಗರ ಕಣ್ಣಿಗೆ ಅದು ಬೀಳುವುದಿಲ್ಲ. ಪತ್ರಿಕೆಯ ವೆಬ್ ಡೆಸ್ಕಿನ ಉಪಸಂಪಾದಕರು, ವಿಶ್ವವಿದ್ಯಾಲಯದ ಕಚೇರಿ ಸಿಬ್ಬಂದಿ, ಸರ್ಕಾರಿ ಇಲಾಖೆಯ ಡೇಟಾ ಎಂಟ್ರಿ ಆಪರೇಟರು ದಿನವಿಡೀ ನೋಡುವುದು ಮಾತ್ರ ಅದನ್ನೇ. ಆದರೂ ಬಹುಕಾಲ ವಿನ್ಯಾಸಕಾರರ ಗಮನವೆಲ್ಲ ಓದುಗರಿಗೆ ಕಾಣುವ ಪುಟದ ಮೇಲಿತ್ತು; ಹಿಂಬದಿಯ ಫಾರಂ ತಂತ್ರಜ್ಞರು ಬಿಟ್ಟುಹೋದ ಸ್ಥಿತಿಯಲ್ಲೇ ಉಳಿಯುತ್ತಿತ್ತು.

ಫಾರಂ ಉದ್ದವಾಗುವ ಬಗೆ

ಮೊದಲ ತಲೆಮಾರಿನ ಸಿಎಂಎಸ್‌ಗಳಲ್ಲಿ ಸಂಪಾದನಾ ಫಾರಂ ಎಂದರೆ ದತ್ತಸಂಚಯದ ಪಡಿಯಚ್ಚು. ಕೋಷ್ಟಕದಲ್ಲಿ ಎಷ್ಟು ಕಾಲಂ ಇವೆಯೋ ಫಾರಂನಲ್ಲೂ ಅಷ್ಟೇ ಫೀಲ್ಡ್. 1995ರ ನವೆಂಬರಿನಲ್ಲಿ ಹೊರಬಂದ ಎಚ್‌ಟಿಎಂಎಲ್ 2.0 ಮಾನಕದಲ್ಲೇ ಪಠ್ಯಪೆಟ್ಟಿಗೆ, ಆಯ್ಕೆಪಟ್ಟಿ, ಗುರುತುಚೌಕ, ಸಲ್ಲಿಸುವ ಬಟನ್ ಎಲ್ಲ ಇದ್ದವು. ಅವನ್ನು ಒಂದರ ಕೆಳಗೊಂದು ಜೋಡಿಸಿಬಿಟ್ಟರೆ ಪ್ರೋಗ್ರಾಮರ್ ಕೆಲಸ ಮುಗಿಯುತ್ತಿತ್ತು.

ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಜರ್ನಲ್-ವರ್ಲ್ಡ್ ಪತ್ರಿಕೆಯ ವೆಬ್ ವಿಭಾಗದಲ್ಲಿ ಹುಟ್ಟಿ 2005ರಲ್ಲಿ ಸಾರ್ವಜನಿಕರ ಕೈಗೆ ಬಂದ ಜ್ಯಾಂಗೊ ಎಂಬ ವೆಬ್ ಚೌಕಟ್ಟು ಈ ಕೆಲಸವನ್ನೂ ಯಂತ್ರಕ್ಕೇ ವಹಿಸಿತು. ದತ್ತಾಂಶದ ಮಾದರಿಯನ್ನು ಬರೆದುಕೊಟ್ಟರೆ ಸಂಪಾದನಾ ಫಾರಂ ತಾನಾಗಿ ಸಿದ್ಧವಾಗುತ್ತಿತ್ತು. ಸುದ್ದಿಮನೆಯ ಅವಸರಕ್ಕೆ ಇದು ವರವಾಯಿತು. ಆದರೆ ಒಂದೇ ವಿವರ ಸಾಕು, ತೊಡಕು ಕಾಣಲು. ಲೇಖನವನ್ನು ಲೇಖಕರಿಗೆ ಜೋಡಿಸುವ ಫೀಲ್ಡ್ ಸಾಮಾನ್ಯವಾಗಿ ಆಯ್ಕೆಪಟ್ಟಿಯಾಗಿ ಬರುತ್ತದೆ. ಹತ್ತು ವರದಿಗಾರರಿದ್ದಾಗ ಚೆನ್ನ. ಬಿಡಿ ಲೇಖಕರೆಲ್ಲ ಸೇರಿ ಸಾವಿರ ದಾಟಿದಾಗ ಫಾರಂ ತೆರೆದುಕೊಳ್ಳುವುದೇ ತಡ, ಹೆಸರು ಹುಡುಕುವುದು ಇನ್ನೂ ತಡ. ಎರಡು ಅಕ್ಷರ ಟೈಪಿಸಿದರೆ ಹೊಂದುವ ಹೆಸರುಗಳನ್ನಷ್ಟೇ ತೋರಿಸುವ ಸೌಲಭ್ಯ ಜ್ಯಾಂಗೊದ ಮೂಲ ಪೊಟ್ಟಣಕ್ಕೆ ಬಂದದ್ದು 2017ರ ಡಿಸೆಂಬರಿನ 2.0 ಆವೃತ್ತಿಯಲ್ಲಿ.

ಫೀಲ್ಡ್‌ಗಳು ಹೆಚ್ಚುವುದಕ್ಕೆ ತಾಂತ್ರಿಕ ಕಾರಣಕ್ಕಿಂತ ಕಚೇರಿಯ ಕಾರಣಗಳೇ ಹೆಚ್ಚು. ಮಾರುಕಟ್ಟೆ ವಿಭಾಗದವರು ಸರ್ಚ್‌ ಎಂಜಿನ್ನಿಗಾಗಿ ಎರಡು ಫೀಲ್ಡ್ ಕೇಳುತ್ತಾರೆ, ಆ್ಯಪ್ ತಂಡದವರು ಕಿರುಶೀರ್ಷಿಕೆ ಕೇಳುತ್ತಾರೆ, ಕಾನೂನು ವಿಭಾಗದವರು ಚಿತ್ರದ ಹಕ್ಕುದಾರರ ಹೆಸರು ಕಡ್ಡಾಯವಾಗಲಿ ಎನ್ನುತ್ತಾರೆ. ಸೇರಿಸಿ ಎನ್ನಲು ಒಬ್ಬರು ಸಾಕು. ತೆಗೆಯಿರಿ ಎನ್ನಲು ಎಲ್ಲರೂ ಒಪ್ಪಬೇಕು. ಹೀಗಾಗಿ ಹಳೆಯ ಫಾರಂ ಮನೆಯ ಅಟ್ಟದಂತೆ ತುಂಬುತ್ತದೆ, ಇಳಿಸುವವರಿರುವುದಿಲ್ಲ. ಭಾರತದ ಸರ್ಕಾರಿ ತಾಣಗಳಲ್ಲಿ ಇನ್ನೊಂದು ಒತ್ತಡವಿದೆ. 2009ರಲ್ಲಿ ಮೊದಲು ಬಂದ ಸರ್ಕಾರಿ ಜಾಲತಾಣ ಮಾರ್ಗಸೂಚಿಗಳ ಪ್ರಕಾರ ಯಾವ ವಿಷಯವನ್ನು ಯಾರು ಬರೆದು, ಯಾರು ಪರಿಶೀಲಿಸಿ, ಯಾರು ಒಪ್ಪಿಗೆ ಕೊಡಬೇಕು, ಅವಧಿ ಮುಗಿದದ್ದು ಯಾವಾಗ ಸಂಗ್ರಹಕ್ಕೆ ಹೋಗಬೇಕು ಎಂಬುದಕ್ಕೆಲ್ಲ ನೀತಿ ಇರಬೇಕು. ಟೆಂಡರ್ ಪ್ರಕಟಣೆಯ ಫಾರಂನಲ್ಲಿ ಆರಂಭದ ದಿನಾಂಕ, ಮುಕ್ತಾಯದ ದಿನಾಂಕಗಳು ಕೂರುವುದು ಈ ಕಾರಣಕ್ಕೆ. ಇವನ್ನು ಕಸವೆಂದು ಕಿತ್ತೆಸೆಯುವಂತಿಲ್ಲ. ಕಿತ್ತರೆ ಅವಧಿ ಮೀರಿದ ಟೆಂಡರು ಮುಖಪುಟದಲ್ಲೇ ಕೂತಿರುತ್ತದೆ.

ಡ್ರೂಪಲ್‌ನ ನಿದರ್ಶನ

ಸರಳೀಕರಣದ ಚರಿತ್ರೆಯನ್ನು ಒಂದೇ ತಂತ್ರಾಂಶದಲ್ಲಿ ಹಂತಹಂತವಾಗಿ ನೋಡಬೇಕೆಂದರೆ ಡ್ರೂಪಲ್‌ನ ಕಡೆಗೆ ತಿರುಗಬೇಕು. ಬೆಲ್ಜಿಯಂನ ಡ್ರೀಸ್ ಬೊಯ್ಟಾರ್ಟ್ ರೂಪಿಸಿದ ಈ ಮುಕ್ತ ತಂತ್ರಾಂಶದ ಮೊದಲ ಆವೃತ್ತಿ 2001ರ ಜನವರಿಯಲ್ಲಿ ಬಂತು. ಏನು ಬೇಕಾದರೂ ಕಟ್ಟಿಕೊಳ್ಳಬಹುದಾದ ಸಾಮರ್ಥ್ಯಕ್ಕೆ ಅದು ಹೆಸರಾದಷ್ಟೇ, ಬರೆಯುವವರನ್ನು ಬೆದರಿಸುವುದಕ್ಕೂ ಹೆಸರಾಗಿತ್ತು.

2008ರ ಡ್ರೂಪಲ್ 6ರ ಫಾರಂ ತೆರೆದರೆ ಶೀರ್ಷಿಕೆ, ಪಠ್ಯಗಳ ಸುತ್ತ ಮೆನು, ಪರಿಷ್ಕರಣೆ, ವಿಳಾಸ, ಪ್ರತಿಕ್ರಿಯೆ, ಲೇಖಕ, ಪ್ರಕಟಣೆ ಎಂಬ ಮಡಚಿದ ಪೆಟ್ಟಿಗೆಗಳ ಸಾಲು. ಪಠ್ಯಪೆಟ್ಟಿಗೆಯ ಕೆಳಗೆ ಯಾವ ಎಚ್‌ಟಿಎಂಎಲ್ ಟ್ಯಾಗುಗಳಿಗೆ ಅನುಮತಿಯಿದೆ, ಸಾಲುಗಳು ಹೇಗೆ ಮುರಿಯುತ್ತವೆ ಎಂಬ ಟಿಪ್ಪಣಿ. ಕಾಲೇಜಿನ ವಾರ್ಷಿಕೋತ್ಸವದ ಸುದ್ದಿ ಹಾಕಲು ಕೂತ ಗುಮಾಸ್ತರಿಗೆ ಆ ಟಿಪ್ಪಣಿಯಿಂದ ಕಾಸಿನ ಪ್ರಯೋಜನವಿಲ್ಲ. ಪ್ರೋಗ್ರಾಮರ್‌ಗೆ ಅದರ ಅಗತ್ಯವೇ ಇಲ್ಲ. ಆ ವರ್ಷ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಬಳಕೆದಾರರನ್ನು ಕೂರಿಸಿ ಡ್ರೂಪಲ್ಲನ್ನು ಪರೀಕ್ಷಿಸಲಾಯಿತು. ಮರುವರ್ಷ ಮಾರ್ಕ್ ಬೌಲ್ಟನ್, ಲೀಸಾ ರೈಕೆಲ್ಟ್ ಅವರನ್ನು ಸೇರಿಸಿಕೊಂಡು ಮುಂದಿನ ಆವೃತ್ತಿಯ ಬಳಕೆಯ ವಿನ್ಯಾಸಕ್ಕೆಂದೇ ಪ್ರತ್ಯೇಕ ಯೋಜನೆ ನಡೆಯಿತು.

2011ರ ಜನವರಿಯಲ್ಲಿ ಬಂದ ಡ್ರೂಪಲ್ 7 ಆ ಪೆಟ್ಟಿಗೆಗಳನ್ನು ಲಂಬ ಟ್ಯಾಬುಗಳಾಗಿ ಮಾಡಿ ಪಠ್ಯದ ಕೆಳಗೆ ಒಂದೇ ಚೌಕಟ್ಟಿನಲ್ಲಿ ಕೂರಿಸಿತು. ಇದರಲ್ಲಿ ನಿಜವಾಗಿ ಜಾಣತನದ ಸಂಗತಿ ಟ್ಯಾಬಿನ ಹೆಸರಿನ ಕೆಳಗಿದ್ದ ಸಣ್ಣಕ್ಷರದ ಸಾಲು. ಮೆನು ಎಂಬುದರ ಕೆಳಗೆ 'ಮೆನುವಿನಲ್ಲಿಲ್ಲ', ಪ್ರತಿಕ್ರಿಯೆಯ ಕೆಳಗೆ 'ತೆರೆದಿದೆ', ಪ್ರಕಟಣೆಯ ಕೆಳಗೆ 'ಪ್ರಕಟವಾಗಿದೆ, ಮುಖಪುಟಕ್ಕೆ ಏರಿಸಿದೆ' ಎಂಬರ್ಥದ ಮಾತು. ಟ್ಯಾಬು ತೆರೆಯದೆಯೇ ಒಳಗಿನ ಸ್ಥಿತಿ ತಿಳಿಯುತ್ತಿತ್ತು. ಬರಿದೇ ಮಡಚಿಟ್ಟ ಪೆಟ್ಟಿಗೆಯನ್ನು ಅನುಮಾನದಿಂದಾದರೂ ಒಮ್ಮೆ ತೆರೆದು ನೋಡಬೇಕಾಗುತ್ತದೆ. ಸಾರಾಂಶ ಹೊರಗೇ ಇದ್ದರೆ ಆ ಕ್ಲಿಕ್ಕೂ ಉಳಿಯಿತು.

2015ರ ನವೆಂಬರಿನ ಡ್ರೂಪಲ್ 8 ಫಾರಂ ಅನ್ನು ಎರಡು ಅಂಕಣಗಳಾಗಿ ಒಡೆಯಿತು. ಎಡಕ್ಕೆ ಬರಹ, ಬಲಕ್ಕೆ ಬರಹದ ಕುರಿತಾದ ವಿವರ. ಪಠ್ಯವನ್ನು ಕಾಣುವ ರೂಪದಲ್ಲೇ ತಿದ್ದಲು ಬಿಡುವ ಸಿಕೆಎಡಿಟರ್ ಮೂಲ ಪೊಟ್ಟಣದೊಳಗೆ ಬಂತು. ಇದಕ್ಕಿಂತ ದೂರಗಾಮಿಯಾದ ಬದಲಾವಣೆ ನಿರ್ವಾಹಕರ ಕಡೆ ಆಯಿತು. ಒಂದು ಲೇಖನಪ್ರಕಾರದಲ್ಲಿ ಯಾವ ಫೀಲ್ಡ್‌ಗಳಿವೆ ಎಂಬುದು ಬೇರೆ, ಅವುಗಳಲ್ಲಿ ಯಾವುವು ಫಾರಂನಲ್ಲಿ ಕಾಣಬೇಕು ಎಂಬುದು ಬೇರೆ ಎಂದು ವ್ಯವಸ್ಥೆಯೇ ಒಪ್ಪಿಕೊಂಡಿತು. ಫೀಲ್ಡ್ ಅನ್ನು ಮೌಸಿನಿಂದ ಎಳೆದು 'ನಿಷ್ಕ್ರಿಯ' ಎಂಬ ಸಾಲಿನ ಕೆಳಗೆ ಹಾಕಿದರೆ ದತ್ತಾಂಶ ಅಳಿಯದು, ಫಾರಂನಲ್ಲಿ ಮಾತ್ರ ಕಾಣದು. ಒಂದು ಸಾಲೂ ಕೋಡ್ ಬರೆಯಬೇಕಿಲ್ಲ. ಹಿಂದೆ ಇದೇ ಕೆಲಸಕ್ಕೆ ಪ್ರತಿ ತಾಣದಲ್ಲೂ ಫಾರಂ ತಿದ್ದುವ ಕೋಡ್ ಬರೆಯುತ್ತಿದ್ದರು, ಇಲ್ಲವೇ ಹೆಚ್ಚುವರಿ ಮಾಡ್ಯೂಲ್ ಹಾಕಿಕೊಳ್ಳುತ್ತಿದ್ದರು. ಆಡಳಿತ ಪುಟಗಳ ಹೊಸ ಥೀಮ್ ಕ್ಲಾರೊ 2022ರ ಡಿಸೆಂಬರಿನ ಡ್ರೂಪಲ್ 10ರಲ್ಲಿ ರೂಢಿಯ ಆಯ್ಕೆಯಾಯಿತು. 2025ರ ಜನವರಿ 15ರಂದು ಪ್ರೋಗ್ರಾಮಿಂಗ್ ಬಾರದವರನ್ನೇ ಗುರಿಯಾಗಿಟ್ಟುಕೊಂಡ ಡ್ರೂಪಲ್ ಸಿಎಂಎಸ್ ಎಂಬ ಪ್ರತ್ಯೇಕ ಪೊಟ್ಟಣವೇ ಹೊರಬಂತು.

ವರ್ಡ್‌ಪ್ರೆಸ್‌ನ ಹಾದಿ

2003ರಲ್ಲಿ ಹುಟ್ಟಿದ ವರ್ಡ್‌ಪ್ರೆಸ್ ಮೊದಲಿಂದಲೂ ಬರೆಯುವವರಿಗೆ ಹತ್ತಿರವಾಗಿತ್ತು. ಆದರೂ ಅದರ ಫಾರಂನ ಕೆಳಗೆ ಸಾರಾಂಶ, ಟ್ರ್ಯಾಕ್‌ಬ್ಯಾಕ್, ಕಸ್ಟಮ್ ಫೀಲ್ಡ್, ಸ್ಲಗ್ (ಪುಟದ ವಿಳಾಸದ ತುಣುಕು), ಲೇಖಕ ಎಂದು ಪೆಟ್ಟಿಗೆಗಳು ಬೆಳೆದವು. ಟ್ರ್ಯಾಕ್‌ಬ್ಯಾಕ್ ಎಂದರೇನೆಂದು ತಿಳಿಯದೆಯೇ ವರ್ಷಗಟ್ಟಲೆ ಬರೆದವರು ಎಷ್ಟೋ ಮಂದಿ. 2008ರ ಡಿಸೆಂಬರಿನ 2.7 ಆವೃತ್ತಿಯಲ್ಲಿ ಯಾವ ಪೆಟ್ಟಿಗೆ ಬೇಕು, ಯಾವುದು ಬೇಡ ಎಂದು ಬರೆಯುವವರೇ ಗುರುತುಹಾಕುವ ವ್ಯವಸ್ಥೆ ಬಂತು. ಪುಟದ ಮೇಲಿನ ಮೂಲೆಯಲ್ಲಿದ್ದ ಆ ಟ್ಯಾಬನ್ನು ಕಂಡವರೇ ಕಡಿಮೆ. 2011ರ 3.1 ಆವೃತ್ತಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹೊಸಬರಿಗೆ ಬಹುಪಾಲು ಪೆಟ್ಟಿಗೆಗಳನ್ನು ಆರಂಭದಲ್ಲೇ ಮರೆಮಾಡಿತು. ಆಯ್ಕೆ ಕೊಡುವುದಕ್ಕೂ ಸರಿಯಾದ ಆಯ್ಕೆಯನ್ನು ಮೊದಲೇ ಮಾಡಿಡುವುದಕ್ಕೂ ಎಷ್ಟು ಅಂತರವೆಂಬುದು ಈ ಎರಡು ಆವೃತ್ತಿಗಳನ್ನು ಅಕ್ಕಪಕ್ಕ ಇಟ್ಟರೆ ತಿಳಿಯುತ್ತದೆ.

2018ರ ಡಿಸೆಂಬರ್ 6ರಂದು ಬಂದ 5.0 ಆವೃತ್ತಿಯ ಗುಟೆನ್‌ಬರ್ಗ್ ಸಂಪಾದಕ ಫಾರಂ ಎಂಬ ಕಲ್ಪನೆಯನ್ನೇ ಬಿಟ್ಟುಕೊಟ್ಟಿತು. ಪ್ಯಾರಾ, ಚಿತ್ರ, ಪಟ್ಟಿ, ಉಲ್ಲೇಖ ಪ್ರತಿಯೊಂದೂ ಒಂದೊಂದು ಬ್ಲಾಕ್. ಖಾಲಿ ಹಾಳೆಯ ಮೇಲೆ ಬೇಕಾದದ್ದನ್ನು ಬೇಕಾದಲ್ಲಿ ಇಡಬಹುದು. ಹಳೆಯ ಫಾರಂಗೆ ಒಗ್ಗಿದವರು ಇದನ್ನು ಸರಳವೆಂದು ಒಪ್ಪಲಿಲ್ಲ. ಹಿಂದಿನ ಸಂಪಾದಕವನ್ನು ಮರಳಿ ತರುವ ಅಧಿಕೃತ ಪ್ಲಗಿನ್ 50 ಲಕ್ಷಕ್ಕೂ ಹೆಚ್ಚು ತಾಣಗಳಲ್ಲಿ ಸಕ್ರಿಯವಾಯಿತು. ದೃಷ್ಟಿದೋಷವುಳ್ಳವರು ಹಾಗೂ ಕೀಲಿಮಣೆಯನ್ನಷ್ಟೇ ಬಳಸುವವರು ಹೊಸ ಸಂಪಾದಕದಲ್ಲಿ ಪಡುವ ಪಾಡಿನ ಬಗ್ಗೆ ಎದ್ದ ತಕರಾರು ಎಷ್ಟು ಜೋರಾಯಿತೆಂದರೆ, ಶಿಕ್ಷಣ ಸಂಸ್ಥೆಗಳ ಬಳಕೆದಾರರ ಬಳಗವಾದ ಡಬ್ಲ್ಯುಪಿಕ್ಯಾಂಪಸ್ ಸ್ವತಂತ್ರ ಪರಿಶೀಲನೆ ಮಾಡಿಸಿ 2019ರಲ್ಲಿ ವರದಿ ಪ್ರಕಟಿಸಿತು. ನೋಟಕ್ಕೆ ತಿಳಿಯಾದ ಪರದೆ ಕೈಗೂ ಸುಲಭ ಎಂದು ನಂಬುವಂತಿಲ್ಲ.

ಸಿದ್ಧಾಂತದ ನೆಲೆ

ಕಡಿಮೆ ತೋರಿಸಿದರೆ ಬೇಗ ಕಲಿಯುತ್ತಾರೆ ಎಂಬುದು ಊಹೆಯ ಮಾತಲ್ಲ. ಐಬಿಎಂನ ಜಾನ್ ಕ್ಯಾರೊಲ್ ಮತ್ತು ಕ್ಯಾರೊಲೈನ್ ಕ್ಯಾರಿದರ್ಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಡಿಸ್‌ಪ್ಲೇರೈಟರ್ ಎಂಬ ಪದಸಂಸ್ಕಾರಕದ ಎರಡು ರೂಪಗಳಿದ್ದವು. ಒಂದು ಪೂರ್ಣ ರೂಪ. ಇನ್ನೊಂದರಲ್ಲಿ ಹೊಸಬರು ಎಡವುವ ಸೌಲಭ್ಯಗಳು ಮೆನುವಿನಲ್ಲಿ ಕಂಡರೂ ಕೆಲಸ ಮಾಡುತ್ತಿರಲಿಲ್ಲ. ಒತ್ತಿದರೆ ಈಗ ಲಭ್ಯವಿಲ್ಲ ಎಂಬ ಸಂದೇಶ ಬರುತ್ತಿತ್ತು. ಎರಡನೆಯ ಗುಂಪಿನವರು ಬೇಗ ಕೆಲಸ ಶುರುಮಾಡಿದರು, ತಪ್ಪಿನಿಂದ ಹೊರಬರಲು ಕಡಿಮೆ ಹೊತ್ತು ಕಳೆದರು. ಮೊದಲು ಮುಖ್ಯವಾದದ್ದು, ಕೇಳಿದಾಗ ಮಿಕ್ಕದ್ದು ಎಂಬ ಇಂದಿನ ಹಂತಹಂತದ ಅನಾವರಣದ ತತ್ತ್ವಕ್ಕೆ ಇದೊಂದು ಗಟ್ಟಿ ಆಧಾರ.

ಇದಕ್ಕೆ ಮಿತಿ ಹಾಕುವ ಮಾತು ಲ್ಯಾರಿ ಟೆಸ್ಲರ್ ಅವರದು. ಜೆರಾಕ್ಸ್ ಪಾರ್ಕ್‌ನಲ್ಲಿದ್ದಾಗ ಕಟ್ ಮತ್ತು ಪೇಸ್ಟ್ ರೂಪಿಸಿದವರಲ್ಲಿ ಒಬ್ಬರಾದ ಅವರು, 1980ರ ದಶಕದ ನಡುಭಾಗದಲ್ಲಿ ಆ್ಯಪಲ್‌ನಲ್ಲಿದ್ದಾಗ ಸಂಕೀರ್ಣತೆಯ ಸಂರಕ್ಷಣೆಯ ನಿಯಮವನ್ನು ಮಂಡಿಸಿದರು. ಪ್ರತಿ ಕೆಲಸದಲ್ಲೂ ಇನ್ನು ಕಡಿಮೆ ಮಾಡಲಾಗದ ತೊಡಕು ಒಂದಿಷ್ಟು ಇದ್ದೇ ಇರುತ್ತದೆ. ಅದನ್ನು ಬಳಕೆದಾರ ಹೊರಬೇಕೋ ತಂತ್ರಾಂಶ ಕಟ್ಟುವವ ಹೊರಬೇಕೋ ಎಂಬುದಷ್ಟೇ ಪ್ರಶ್ನೆ. ಫಾರಂ ಸರಳೀಕರಣವನ್ನು ಅಳೆಯಲು ಇದಕ್ಕಿಂತ ನೇರವಾದ ಅಳತೆಗೋಲಿಲ್ಲ. ಫೀಲ್ಡ್ ಮಾಯವಾದ ಮಾತ್ರಕ್ಕೆ ಅದರ ಹಿಂದಿನ ಕೆಲಸ ಮಾಯವಾಗುವುದಿಲ್ಲ, ಇನ್ನೊಬ್ಬರ ಮೇಜಿಗೆ ಹೋಗಿರುತ್ತದೆ. ಆ ಇನ್ನೊಬ್ಬರು ಯಾರೆಂದು ಗೊತ್ತಿದ್ದರೆ ಸರಳೀಕರಣ ನಡೆದಿದೆ ಎನ್ನಬಹುದು. ಗೊತ್ತಿಲ್ಲದಿದ್ದರೆ ನಡೆದಿರುವುದು ಬರಿಯ ಮರೆಮಾಚುವಿಕೆ.

ವಿಧಾನಗಳು

ರೂಢಿಯಲ್ಲಿರುವ ವಿಧಾನಗಳಲ್ಲಿ ಅತಿ ಪರಿಣಾಮಕಾರಿಯಾದದ್ದು ಫೀಲ್ಡ್ ಅನ್ನು ತೆಗೆದೇಬಿಡುವುದು, ಅತಿ ಕಡಿಮೆ ಬಳಕೆಯಲ್ಲಿರುವುದೂ ಅದೇ. ಪ್ರಕಟವಾದ ಲೇಖನಗಳನ್ನೆಲ್ಲ ದತ್ತಸಂಚಯದಲ್ಲಿ ಪರಿಶೀಲಿಸಿದರೆ ಯಾವ ಫೀಲ್ಡ್ ಸದಾ ಖಾಲಿ, ಯಾವುದರಲ್ಲಿ ಸದಾ ಒಂದೇ ಉತ್ತರ ಎಂಬುದು ಕೂಡಲೇ ಸಿಗುತ್ತದೆ. ಮೊದಲ ಬಗೆಯದು ಬೇಕಿಲ್ಲ. ಎರಡನೆಯದನ್ನು ಪೂರ್ವನಿಗದಿ ಮೌಲ್ಯವಾಗಿಸಿ ಮರೆಮಾಡಬಹುದು. ಮೂರನೆಯ ಬಗೆಯೊಂದಿದೆ: ಕಡ್ಡಾಯವೆಂಬ ಕಾರಣಕ್ಕೆ ಒಂದು ಚುಕ್ಕಿಯನ್ನೋ ಹೈಫನ್ನನ್ನೋ ಒತ್ತಿ ಮುಂದೆ ಹೋಗಿರುವ ಫೀಲ್ಡ್. ಕಡ್ಡಾಯದ ಕೆಂಪು ನಕ್ಷತ್ರ ಅಲ್ಲಿ ದತ್ತಾಂಶ ತಂದಿಲ್ಲ, ಚುಕ್ಕಿಗಳನ್ನು ತಂದಿದೆ.

ಪಾತ್ರಕ್ಕೆ ತಕ್ಕಂತೆ ಫಾರಂ ಬದಲಾಗುವುದು ದೊಡ್ಡ ಸಂಸ್ಥೆಗಳ ದಾರಿ. ವರದಿಗಾರರಿಗೆ ತಲೆಬರಹ, ಪಠ್ಯ, ಚಿತ್ರ. ಡೆಸ್ಕಿನವರಿಗೆ ಅದರ ಜೊತೆಗೆ ವಿಭಾಗ, ಟ್ಯಾಗು, ಪ್ರಕಟಣೆಯ ಸಮಯ. ಟೈಪೊ3 ಎಂಬ ಸಿಎಂಎಸ್‌ನಲ್ಲಿ ಬಳಕೆದಾರರ ಗುಂಪಿಗೊಂದರಂತೆ ಸಂರಚನೆ ಬರೆದು ಫೀಲ್ಡ್‌ಗಳನ್ನು ಆರಿಸಬಹುದು. ಇಲ್ಲಿ ತಂತ್ರಜ್ಞರು ಎಡವುವುದುಂಟು. ಸ್ಟೈಲ್‌ಶೀಟಿನಿಂದಲೋ ಜಾವಾಸ್ಕ್ರಿಪ್ಟಿನಿಂದಲೋ ಅಡಗಿಸಿದ ಫೀಲ್ಡ್ ಪುಟದ ಒಳಗೆ ಇದ್ದೇ ಇರುತ್ತದೆ, ಬಲ್ಲವರು ಅದರ ಮೌಲ್ಯ ಬದಲಿಸಿ ಕಳಿಸಬಹುದು. ಸರ್ವರಿನಲ್ಲೇ ಪ್ರವೇಶ ತಡೆದರೆ ಫೀಲ್ಡ್ ಬ್ರೌಸರಿಗೆ ಹೋಗುವುದೇ ಇಲ್ಲ, ಹಳೆಯ ಮೌಲ್ಯ ಹಾಗೇ ಉಳಿಯುತ್ತದೆ. ಫಾರಂನಿಂದ ತೆಗೆದದ್ದು ಬೇರೆ ತಂತ್ರಾಂಶಗಳು ಬಳಸುವ ಎಪಿಐ ಬಾಗಿಲಿನಲ್ಲಿ ತೆರೆದೇ ಇರಬಹುದು ಎಂಬುದನ್ನೂ ನೋಡಿಕೊಳ್ಳಬೇಕು. ಸರಳೀಕರಣ ಬಳಕೆಯ ಅನುಕೂಲ. ಅನುಮತಿ ಭದ್ರತೆಯ ವಿಚಾರ. ಒಂದನ್ನು ಇನ್ನೊಂದರ ಜಾಗದಲ್ಲಿ ನಿಲ್ಲಿಸಬಾರದು.

ಷರತ್ತಿನ ಫೀಲ್ಡ್‌ಗಳು, ಅಂದರೆ 'ಕಾರ್ಯಕ್ರಮ' ಎಂದು ಆರಿಸಿದಾಗ ಮಾತ್ರ ಸ್ಥಳ, ವೇಳೆ ಕೇಳುವಂಥವು, ಈಗ ಎಲ್ಲೆಡೆ ಸಾಮಾನ್ಯ. ಲೇಬಲಿನ ಮಾತು ತಿದ್ದುವುದು ಇವೆಲ್ಲಕ್ಕಿಂತ ಅಗ್ಗ. 2012ರ ಅಕ್ಟೋಬರಿನಲ್ಲಿ ಆರಂಭವಾದ ಬ್ರಿಟನ್ ಸರ್ಕಾರದ ಏಕೀಕೃತ ತಾಣದ ಬರಹಗಾರರಿಗೆ ಶೀರ್ಷಿಕೆ 65 ಅಕ್ಷರದೊಳಗೆ, ಸಾರಾಂಶ 160 ಅಕ್ಷರದೊಳಗೆ ಇರಲಿ ಎಂಬ ಸೂಚನೆಯಿದೆ. ಇಂಥ ಒಂದು ಸಾಲು ಫೀಲ್ಡಿನ ಪಕ್ಕದಲ್ಲೇ ಇದ್ದರೆ ತರಬೇತಿ ಕೈಪಿಡಿಯ ಎಷ್ಟೋ ಪುಟ ಉಳಿಯುತ್ತದೆ.

ತೆಗೆಯಬಾರದ ಫೀಲ್ಡ್‌ಗಳೂ ಇವೆ. ಚಿತ್ರದ ಪರ್ಯಾಯ ಪಠ್ಯ ಅವುಗಳಲ್ಲಿ ಮೊದಲನೆಯದು. ಕಾಣದವರಿಗೆ ಸ್ಕ್ರೀನ್ ರೀಡರ್ ಓದಿ ಹೇಳುವುದು ಅದನ್ನೇ. ವೆಬ್ ಮಾನಕಗಳ ಸಂಸ್ಥೆ ಡಬ್ಲ್ಯು3ಸಿ 2015ರ ಸೆಪ್ಟೆಂಬರಿನಲ್ಲಿ ಶಿಫಾರಸು ಮಾಡಿದ ಬರವಣಿಗೆ ಸಾಧನಗಳ ಸುಗಮ್ಯತಾ ಮಾರ್ಗಸೂಚಿ ಈ ಫೀಲ್ಡಿಗೆ ಕಡತದ ಹೆಸರನ್ನೋ 'ಚಿತ್ರ' ಎಂಬ ಪೊಳ್ಳು ಪದವನ್ನೋ ಯಂತ್ರ ತಾನಾಗಿ ತುಂಬಕೂಡದು ಎನ್ನುತ್ತದೆ.

ರಚನೆ ಮತ್ತು ಸ್ವಾತಂತ್ರ್ಯ

ಒಂದೇ ದೊಡ್ಡ ಪೆಟ್ಟಿಗೆ ಸರಳವೋ, ಹಲವು ಸಣ್ಣ ಫೀಲ್ಡ್‌ಗಳು ಸರಳವೋ ಎಂಬ ವಾದ ಇನ್ನೂ ಮುಗಿದಿಲ್ಲ. ಅಮೆರಿಕದ ಸಾರ್ವಜನಿಕ ಬಾನುಲಿ ಎನ್‌ಪಿಆರ್‌ನ ಡ್ಯಾನಿಯಲ್ ಜೇಕಬ್‌ಸನ್ 2009ರಲ್ಲಿ ವಿವರಿಸಿದ ಕ್ರಮದಲ್ಲಿ ವರದಿಯನ್ನು ಒಮ್ಮೆ, ಬಿಡಿಬಿಡಿ ಫೀಲ್ಡ್‌ಗಳಲ್ಲಿ ತುಂಬಿದರೆ ತಾಣ, ಮೊಬೈಲ್, ಸದಸ್ಯ ನಿಲಯಗಳಿಗೆಲ್ಲ ಅಲ್ಲಿಂದಲೇ ಹೋಗುತ್ತದೆ. ಬರೆಯುವವರಿಗೆ ಶ್ರಮ ಹೆಚ್ಚು, ಮರುಬಳಕೆ ಸುಲಭ. ಗುಟೆನ್‌ಬರ್ಗ್‌ನಲ್ಲಿ ಬ್ಲಾಕುಗಳು ಎಷ್ಟೇ ಇದ್ದರೂ ಎಲ್ಲ ಸೇರಿ ದತ್ತಸಂಚಯದ ಒಂದೇ ಕಾಲಂನಲ್ಲಿ ಎಚ್‌ಟಿಎಂಎಲ್ ಆಗಿ ಕೂರುತ್ತವೆ. ಬರೆಯುವಾಗ ಹಗುರ, ಆಮೇಲೆ ಅದರಿಂದ ಒಂದು ದಿನಾಂಕವನ್ನು ಹೆಕ್ಕಬೇಕಾದಾಗ ಭಾರ. ಸುದ್ದಿ, ಅಂಕಣಗಳಿಗೆ ಬ್ಲಾಕು ಒಗ್ಗುತ್ತದೆ. ಟೆಂಡರು, ಪರೀಕ್ಷಾ ವೇಳಾಪಟ್ಟಿ, ವೈದ್ಯರ ಯಾದಿಯಂಥವಕ್ಕೆ ಫೀಲ್ಡ್‌ಗಳೇ ಸರಿ. 2014ರಲ್ಲಿ ಬಂದ ವ್ಯಾಗ್‌ಟೇಲ್ ಎಂಬ ಸಿಎಂಎಸ್ ಎರಡನ್ನೂ ಒಂದೇ ಫಾರಂನಲ್ಲಿ ಬೆಸೆಯುತ್ತದೆ.

ವಿಕಿಪೀಡಿಯದ್ದು ವಿಶಿಷ್ಟ ಪರಿಸ್ಥಿತಿ. ಅಲ್ಲಿನ ಸಂಪಾದನಾ ಪುಟದಲ್ಲಿದ್ದದ್ದು ಒಂದೇ ಪೆಟ್ಟಿಗೆ, ಅದಕ್ಕಿಂತ ಸರಳ ಫಾರಂ ಇನ್ನಿಲ್ಲ. ಆದರೆ ಪೆಟ್ಟಿಗೆಯೊಳಗಿನ ವಿಕಿ ಸಂಕೇತಗಳು, ಆವರಣಗಳ ನಡುವಿನ ಮಾಹಿತಿಚೌಕದ ಟೆಂಪ್ಲೇಟು ಹೊಸಬರನ್ನು ಹಿಂದಟ್ಟುತ್ತಿದ್ದವು. 2013ರ ಜುಲೈನಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ದೃಶ್ಯ ಸಂಪಾದಕವನ್ನು ರೂಢಿಯ ಸಾಧನವಾಗಿಸಿದಾಗ ಹಳೆಯ ಸಂಪಾದಕರು ಪ್ರತಿಭಟಿಸಿದರು. ಸೆಪ್ಟೆಂಬರಿನ ಹೊತ್ತಿಗೆ ಅದು ಬೇಕೆಂದವರಿಗೆ ಮಾತ್ರ ಎಂದಾಯಿತು. ಗದ್ದಲದಲ್ಲಿ ಹೆಚ್ಚು ಗಮನಕ್ಕೆ ಬಾರದೆ ಉಳಿದದ್ದು ಟೆಂಪ್ಲೇಟ್‌ಡೇಟಾ. ಟೆಂಪ್ಲೇಟಿನ ಯಾವ ಅಂಶ ಕಡ್ಡಾಯ, ಯಾವುದು ಸೂಚಿತ, ಯಾವುದು ಬಳಕೆ ತಪ್ಪಿದ್ದು ಎಂದು ಸಮುದಾಯದವರೇ ಬರೆದಿಟ್ಟರೆ ದೃಶ್ಯ ಸಂಪಾದಕ ಅದನ್ನು ಓದಿ ಫಾರಂ ಕಟ್ಟಿಕೊಡುತ್ತದೆ. ಫಾರಂನ ವಿನ್ಯಾಸ ಹೀಗೆ ಪ್ರೋಗ್ರಾಮರ್ ಕೈಯಿಂದ ಬರೆಯುವವರ ಕೈಗೆ ಬಂತು. ವಿವರಣೆಗಳನ್ನು ಬೇರೆ ಬೇರೆ ಭಾಷೆಗಳಲ್ಲಿ ಕೊಡಬಹುದಾದ್ದರಿಂದ 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಂಥವಕ್ಕೆ ಇದರಿಂದ ನೇರ ಉಪಯೋಗವಿದೆ.

ಕನ್ನಡದ ತೊಡಕುಗಳು

ಲ್ಯಾಟಿನ್ ಲಿಪಿಯನ್ನು ಮನಸ್ಸಿನಲ್ಲಿಟ್ಟು ಮಾಡಿದ ಸರಳೀಕರಣ ಕನ್ನಡದ ಮೇಲೆ ಬಂದಾಗ ಕೈಕೊಡುವುದುಂಟು. ತಲೆಬರಹದಿಂದ ವಿಳಾಸವನ್ನು, ಅಂದರೆ ಸ್ಲಗ್ಗನ್ನು, ತಾನಾಗಿ ತಯಾರಿಸಿ ಆ ಫೀಲ್ಡನ್ನು ಮರೆಮಾಡುವುದು ಇಂಗ್ಲಿಷ್ ತಾಣಗಳಲ್ಲಿ ನಿರಪಾಯ. ವರ್ಡ್‌ಪ್ರೆಸ್ ಸ್ಲಗ್‌ಗೆ ಇಟ್ಟಿರುವ ಜಾಗ 200 ಅಕ್ಷರ. ಕನ್ನಡದ ಒಂದು ಸಂಕೇತಬಿಂದು ಯುಟಿಎಫ್-8ರಲ್ಲಿ 3 ಬೈಟ್, ವಿಳಾಸದಲ್ಲಿ ಶೇಕಡಾ ಚಿಹ್ನೆ ಸೇರಿ 9 ಅಕ್ಷರ ಆಗುತ್ತದೆ. 22 ಸಂಕೇತಬಿಂದುಗಳಿಗೇ ಜಾಗ ತುಂಬಿತು. 'ಕನ್ನಡ' ಎಂಬ ಪದವೇ ಕ, ನ, ವಿರಾಮ, ನ, ಡ ಎಂದು ಐದನ್ನು ತಿನ್ನುತ್ತದೆ. ನಾಲ್ಕಾರು ಪದಗಳ ತಲೆಬರಹ ನಡುವೆ ತುಂಡಾಗುತ್ತದೆ, ಅದೇ ಕೊಂಡಿಯನ್ನು ವಾಟ್ಸ್‌ಆ್ಯಪ್‌ಗೆ ಹಾಕಿದರೆ ಶೇಕಡಾ ಚಿಹ್ನೆಗಳ ಉದ್ದನೆಯ ಸಾಲು. ಕನ್ನಡ ಡೆಸ್ಕಿನವರು ಸ್ಲಗ್ಗನ್ನು ಇಂಗ್ಲಿಷಿನಲ್ಲಿ ಕೈಯಾರೆ ಬರೆಯುವುದು ಈ ಕಾರಣದಿಂದ. ಇಂಗ್ಲಿಷ್ ತಾಣದಲ್ಲಿ ಮರೆಮಾಡಬೇಕಾದ ಫೀಲ್ಡ್ ಕನ್ನಡ ತಾಣದಲ್ಲಿ ಕಣ್ಣೆದುರೇ ಇರಬೇಕು.

ಅಕ್ಷರಮಿತಿಯದೂ ಇದೇ ಕಥೆ. 'ಸ್ತ್ರೀ' ಓದುಗರಿಗೆ ಒಂದು ಅಕ್ಷರ, ಬ್ರೌಸರಿನ ಲೆಕ್ಕದಲ್ಲಿ ಆರು. ಬ್ರಿಟನ್ ತಾಣದ 65ರ ಮಿತಿಯನ್ನು ಹಾಗೇ ಎತ್ತಿ ಕನ್ನಡ ಫಾರಂಗೆ ಹಾಕಿದರೆ ಒತ್ತಕ್ಷರ ಹೆಚ್ಚಿರುವ ತಲೆಬರಹಕ್ಕೆ ದಂಡ ಬೀಳುತ್ತದೆ. ಎಣಿಕೆಯನ್ನು ಅಕ್ಷರಗುಚ್ಛದ ಲೆಕ್ಕದಲ್ಲಿ ಮಾಡುವುದು ಪ್ರೋಗ್ರಾಮರ್‌ಗೆ ಸ್ವಲ್ಪ ಕೆಲಸ, ಡೆಸ್ಕಿಗೆ ದಿನದಿನದ ಉಳಿತಾಯ.

ಟೈಪಿಂಗ್ ಕೂಡ ಫಾರಂನ ಭಾಗವೇ. ವಿಕಿಮೀಡಿಯ ತಾಣಗಳಲ್ಲಿ ಪಠ್ಯಪೆಟ್ಟಿಗೆಯ ಮೂಲೆಯ ಕೀಲಿಮಣೆ ಚಿಹ್ನೆ ಒತ್ತಿ ಲಿಪ್ಯಂತರಣ, ಇನ್‌ಸ್ಕ್ರಿಪ್ಟ್, ಕನ್ನಡ ಗಣಕ ಪರಿಷತ್ತಿನ ವಿನ್ಯಾಸ ಯಾವುದನ್ನಾದರೂ ಆರಿಸಿಕೊಳ್ಳಬಹುದು. ಬೇರೆ ತಾಣಗಳಲ್ಲಿ ಬರೆಯುವವರು ಕಂಪ್ಯೂಟರಿನಲ್ಲಿರುವ ತಂತ್ರಾಂಶವನ್ನೇ ನೆಚ್ಚಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಿಸಿದ ಕಾಪಿಯನ್ನು ಹಾಗೇ ಪೇಸ್ಟ್ ಮಾಡಿದರೆ ಪೆಟ್ಟಿಗೆಯಲ್ಲಿ ಕನ್ನಡದ ಬದಲು ಯುರೋಪಿನ ಸ್ವರಚಿಹ್ನೆ ಹೊತ್ತ ಅಕ್ಷರಗಳ ಗೊಂಚಲು ಕಾಣುತ್ತದೆ. ಆಗ ಉಪಸಂಪಾದಕರು ಬೇರೊಂದು ಕಿಟಕಿ ತೆರೆದು, ಪರಿವರ್ತಕದಲ್ಲಿ ಹಾಕಿ, ಅರ್ಕಾವೊತ್ತು ಸರಿಯಾಗಿದೆಯೇ ನೋಡಿ, ಮತ್ತೆ ಪೇಸ್ಟ್ ಮಾಡುತ್ತಾರೆ. ಆಸ್ಕಿ ಕಾಪಿಯಲ್ಲಿ ಯೂನಿಕೋಡಿನ ಕನ್ನಡ ವಲಯದ ಒಂದು ಸಂಕೇತವೂ ಇರುವುದಿಲ್ಲವಾದ್ದರಿಂದ ಅದನ್ನು ಪೇಸ್ಟ್ ಆದ ಕ್ಷಣದಲ್ಲೇ ಗುರುತಿಸುವುದು ಯಂತ್ರಕ್ಕೆ ಕಷ್ಟವಲ್ಲ, ಪರಿವರ್ತನೆಯನ್ನು ಪೆಟ್ಟಿಗೆಯ ಪಕ್ಕದ ಒಂದು ಬಟನ್ನಿಗೆ ತರುವುದೂ ಕಷ್ಟವಲ್ಲ. ಬೇರೆ ಭಾಷೆಗಳಿಗೆಂದು ಮಾಡಿದ ಸಿದ್ಧ ಪೊಟ್ಟಣಗಳಲ್ಲಿ ಅಂಥ ಬಟನ್ ಇರುವುದಿಲ್ಲ. ಕನ್ನಡ ತಾಣ ಕಟ್ಟುವವರೇ ಅದನ್ನು ಸೇರಿಸಿಕೊಳ್ಳಬೇಕು.